ಹಿಂಬಾಗಿಲ ಇಳಿಜಾರು

ರುದ್ರಮ್ಮನ ಎಡಗಾಲು ಮಡಚಲೇ ಇಲ್ಲ. ಗೋಡೆಗೆ ಒರಗಿಸಿ, ಬಿಸಿನೀರಿನ ಬಟ್ಟೆ ಸುತ್ತಿ, ಇಬ್ಬರು ಮಂಡಿ ಒತ್ತಿದರೂ ಕಾಲು ಚಾಚಿಕೊಂಡೇ ಇತ್ತು. ಸತ್ತವರನ್ನು ಚಕ್ಕಳಮಕ್ಕಳ ಕೂರಿಸಿಯೇ ಮಣ್ಣು ಮಾಡುವ ಮನೆತನ ಅದು. ಇನ್ನೊಂದು ಸಲ ನೋಡಿ ಅಂದರು ಐನೋರು.

“ಬುಡಿ ಸ್ವಾಮಿ,” ಅಂದಳು ಮಾದಮ್ಮ. “ಬದುಕಿದ್ದಾಗ್ಲೇ ಮಡಚ್ನಿಲ್ಲ ಆ ಕಾಲು. ಈಗ್ಯಾಕೆ ಇಂಸೆ ಕೊಟ್ಟೀರಿ.”

ರುದ್ರಮ್ಮನ ಜೊತೆ ಒಂದೇ ಕೋಣೆಯಲ್ಲಿ ಕೂತು ವರ್ಷಗಟ್ಟಲೆ ನಾಟಕದ ಪೋಷಾಕು ಹೊಲಿದವಳು ಮಾದಮ್ಮ. ಗಾಲಿಕುರ್ಚಿ ತಳ್ಳಿದವಳೂ ಅವಳೇ. ಕಾಲನ್ನು ಹಾಗೇ ಬಿಟ್ಟರು. ರಾತ್ರಿಯಿಡೀ ಭಜನೆಯಲ್ಲಿ ಕೂತು ಎಲ್ಲರಿಗೂ ಸಾಕಾಗಿತ್ತು.

ಮಗಳು ಶಿವರಂಜನಿ ಪೆಟ್ಟಿಗೆಯಿಂದ ಜರಿಯಂಚಿನ ಸೀರೆ ತಂದು ಅಮ್ಮನಿಗೆ ಉಡಿಸಿದಳು. ರಾಜನ ಪೋಷಾಕಿನಲ್ಲಿ ಉಳಿದ ಜರಿಯನ್ನು ಅಮ್ಮ ತಾನೇ ಅಂಚಿಗೆ ಹಚ್ಚಿಕೊಂಡಿದ್ದ ಸೀರೆ ಅದು. ಭಾನುವಾರ ದುರಸ್ತಿಯಾದ ರಂಗಮಂದಿರದ ಉದ್ಘಾಟನೆಗೆ ಉಡಬೇಕೆಂದು ಇಟ್ಟಿದ್ದಳು. ಗುರುವಾರ ಸಂಜೆ ಕಾಫಿ ಕೇಳಿದವಳು ಕುಡಿಯುವುದಕ್ಕೂ ಉಳಿಯಲಿಲ್ಲ.

ಅಂಗಳದಲ್ಲಿ ಬಿದಿರು, ಬಾಳೆಕಂದು, ಹೂವಿನಿಂದ ಹೆಣ ಕೂರಿಸಿ ಹೊರುವ ವಿಮಾನ ಕಟ್ಟುತ್ತಿದ್ದರು. ಅಮ್ಮನನ್ನು ಒಂದು ಗಳಿಗೆ ರಂಗಮಂದಿರದ ಒಳಗೆ ಕರೆದುಕೊಂಡು ಹೋಗಬೇಕು ಎಂದು ಶಿವರಂಜನಿ ಚಿಕ್ಕಪ್ಪ ನಂಜುಂಡೇಶನನ್ನು ಕೇಳಿದಳು. ತೀರಿಹೋದ ಅಪ್ಪನ ತಮ್ಮ. ರಂಗಮಂದಿರ ಸಮಿತಿಯ ಕಾರ್ಯದರ್ಶಿ. ಅವನು ಕತ್ತು ಕೆರೆದುಕೊಂಡ. ಬಣ್ಣ ಇನ್ನೂ ಹಸಿ ಇದೆ, ಶಾಸಕರು ಬರುತ್ತಾರೆ, ದೀಪ ಹಚ್ಚುವ ಮುಂಚೆಯೇ ಹೆಣ ಹೊಕ್ಕಿತು ಅಂದರೆ ಜನ ಬಾಯಿಗೆ ಬಂದಂತೆ ಆಡಿಕೊಳ್ಳುತ್ತಾರೆ ಅಂದ. ಅದೇನೂ ಸುಳ್ಳಲ್ಲ. ಟಿ. ನರಸೀಪುರದಲ್ಲಿ ಬಾಯಿಗೇನು ಬರವೇ!

*

ನಾಟಕಗಳು ಬಯಲಲ್ಲಿ ನಡೆಯುತ್ತಿದ್ದ ಕಾಲದಲ್ಲಿ ರುದ್ರಮ್ಮ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದಳು. ರಂಗಮಂದಿರ ಬಂತು, ಅದರ ಮುಂದೆ ಒಂದು ರಾಶಿ ಮೆಟ್ಟಿಲೂ ಬಂತು. ಎತ್ತಿಕೊಂಡು ಹೋಗುತ್ತೇವೆ ಅಂದವರಿದ್ದರು. ಅಕ್ಕಿಮೂಟೆಯ ಹಾಗೆ ಹೋಗಿ ಇಳಿಯುವುದು ಬೇಡವೇ ಬೇಡ ಅನ್ನುತ್ತಿದ್ದಳು. ಸೋಸಲೆಯ ನಾಟಕದವರಿಗೂ ಹೆಮ್ಮರಗಾಲದ ನಾಟಕದವರಿಗೂ ಅವಳದೇ ಪೋಷಾಕು. ಅವರು ಒಳಗೆ ಆಡುವಾಗ ಇವಳು ಪಕ್ಕದ ಓಣಿಯಲ್ಲಿ ಕುರ್ಚಿ ನಿಲ್ಲಿಸಿಕೊಂಡು ಹಾರ್ಮೋನಿಯಂ ಕೇಳುತ್ತಿದ್ದಳು. ಪಾತ್ರಧಾರಿಗಳು ಹೊರಗೆ ಬಂದರೆ ಅವಳದು ಒಂದೇ ಪ್ರಶ್ನೆ.

“ಲೈಟ್‌ಗೆ ಜರಿ ಒಳೀತಾ?”

ಅವರು ಬೀಡಿ ಹಚ್ಚುತ್ತ ಹೂಂ ಅನ್ನುತ್ತಿದ್ದರು. ತಾನು ಹೊಲಿದದ್ದು ಆ ಬೆಳಕಲ್ಲಿ ಹೇಗೆ ಹೊಳೆಯುತ್ತದೆ ಎಂದು ಅವಳು ಒಂದು ದಿನವೂ ಕಣ್ಣಾರೆ ನೋಡಲಿಲ್ಲ. ಆ ಸಂಕಟ ಮಾದಮ್ಮನಿಗೊಬ್ಬಳಿಗೇ ಗೊತ್ತಿತ್ತು.

ಕಳೆದ ವರ್ಷ ದುರಸ್ತಿ ಶುರುವಾಯಿತು. ಇನ್ನು ಮೇಲೆ ರಂಗಮಂದಿರ ಎಲ್ಲರದೂ ಆಗಬೇಕು, ಗಾಲಿಕುರ್ಚಿಗೆ ಇಳಿಜಾರು ದಾರಿ ಬೇಕು ಎಂದು ನಂಜುಂಡೇಶನೇ ಓಡಾಡಿ ಮಂಜೂರು ಮಾಡಿಸಿದ. ವರ್ಷವಿಡೀ ಸಿಮೆಂಟು, ಧೂಳು, ಸಭೆ. ಅಂತೂ ಇಳಿಜಾರು ಆಯಿತು. ಹಿಂಬಾಗಿಲಿಂದ ನೆಟ್ಟಗೆ ವೇದಿಕೆಗೆ!

ಸಮಿತಿಯವರದು ಕೆಟ್ಟ ಬುದ್ಧಿಯೇನಲ್ಲ. ಗಾಲಿಕುರ್ಚಿಯವರು ಅಲ್ಲಿಗೆ ಬಂದದ್ದನ್ನು ಅವರು ಕಂಡಿದ್ದು ಸನ್ಮಾನದ ದಿನ ಮಾತ್ರ: ನಾಲ್ಕು ಜನ ವೇದಿಕೆಗೆ ಎತ್ತಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ಹೊಡೆಸಿ ಇಳಿಸುವುದು. ಅಂಥವರು ನಾಟಕ ನೋಡುವುದಕ್ಕೂ ಬಂದಾರು ಎಂದು ಒಬ್ಬರಿಗೂ ತೋಚಲಿಲ್ಲ.

ತೋರಿಸಲು ಕರೆದುಕೊಂಡು ಹೋದ ದಿನ ರುದ್ರಮ್ಮ ಕೆಳಗೇ ಕುರ್ಚಿ ನಿಲ್ಲಿಸಿ ನಕ್ಕುಬಿಟ್ಟಳು.

“ಅಲ್ಲ ಕಣಪ್ಪ ನಂಜುಂಡಿ, ನಾನು ನೋಡಾಕ್ ಬರೋಳು. ಆಡಾಕಲ್ಲ.”

ನಂಜುಂಡೇಶನ ಮುಖ ಸಣ್ಣಗಾಯಿತು. ಉದ್ಘಾಟನೆಯೊಳಗೆ ಮುಂಬಾಗಿಲಿಗೂ ಒಂದು ಮಾಡಿಸುತ್ತೇನೆ ಅತ್ತಿಗೆ, ನೀವು ಮುಂದಿನ ಸಾಲಲ್ಲೇ ಕೂರಬೇಕು ಅಂದ. ಅವತ್ತೇ ಅವಳು ಸೀರೆಗೆ ಜರಿ ಹಚ್ಚಲು ಕೂತಳು. ಜಲ್ಲಿ ಬಂತು, ಮರಳು ಬಂತು. ಕೆಲಸದವರು ಇವತ್ತು ನಾಳೆ ಅನ್ನುತ್ತಲೇ ಉಳಿದರು.

*

ಬಿಸಿಲು ಏರಿದ ಮೇಲೆ ವಿಮಾನ ಹೊರಟಿತು. ರುದ್ರಮ್ಮನ ಎಡಗಾಲು ಹೂಮಾಲೆಗಳ ನಡುವಿನಿಂದ ಹೊರಗೆ ಚಾಚಿತ್ತು. ರಂಗಮಂದಿರದ ಮುಂದೆ ಹೊತ್ತವರು ಹೆಗಲು ಬದಲಿಸಲು ನಿಂತರು. ಜಲ್ಲಿಯ ರಾಶಿ ಹಾಗೇ ಬಿದ್ದಿತ್ತು. ಶಿವರಂಜನಿ ಅದನ್ನು ನೋಡಿದಳು, ಚಿಕ್ಕಪ್ಪನನ್ನು ನೋಡಿದಳು.

“ನಿಮ್ಮ ಮಾತು ನಂಬ್ಕೊಂಡು ಅಮ್ಮ ಸೀರೆ ರೆಡಿ ಮಾಡ್ಕೊಂಡ್ಳು ಚಿಕ್ಕಪ್ಪ.”

ನಂಜುಂಡೇಶನಿಗೆ ದುಃಖ ಉಕ್ಕಿ ಬಂತು. ಇಷ್ಟು ಹೊತ್ತು ಅದನ್ನು ಎಲ್ಲಿಟ್ಟುಕೊಂಡಿದ್ದನೋ. ಟವೆಲಿನಿಂದ ಮುಖ ಒರೆಸಿಕೊಂಡು ಜೇಬಿನಿಂದ ಬೀಗದ ಕೈ ತೆಗೆದ.

“ಇಂದ್ಗಡೆಯಿಂದ ಬನ್ರಪ್ಪ.”

ಐನೋರು ಏನೋ ಹೇಳಹೊರಟರು. ಗಂಜಲ ಹಾಕಿಸಿ ತೊಳೆಸುತ್ತೇನೆ, ನೀವು ಸುಮ್ಮನಿರಿ ಅಂದ.

ಇಳಿಜಾರಿನಲ್ಲಿ ವಿಮಾನ ಸಲೀಸಾಗಿ ಏರಿತು. ಒಳಗೆ ಕತ್ತಲು. ನಂಜುಂಡೇಶ ತಡಕಾಡಿ ಕೈಗೆ ಸಿಕ್ಕ ಸ್ವಿಚ್ಚುಗಳನ್ನೆಲ್ಲ ಒತ್ತಿದ. ಹೊತ್ತವರು ನಡುವೇದಿಕೆಯಲ್ಲಿ ಇಳಿಸಿ ಏದುಸಿರು ಬಿಟ್ಟರು. ಕುರ್ಚಿಗಳತ್ತ ಇಳಿಯಲು ಇದ್ದದ್ದು ಪಕ್ಕದ ಕಿರಿದಾದ ಮೆಟ್ಟಿಲು. ವಿಮಾನ ಅದರಲ್ಲಿ ಹಿಡಿಯುವಂತಿರಲಿಲ್ಲ. ಮಾದಮ್ಮ ಒಬ್ಬಳೇ ಇಳಿದು ಹೋಗಿ ಮುಂದಿನ ಸಾಲಲ್ಲಿ ಕೂತಳು. ನಿಲ್ಲಲಾರದೆ ಹೊತ್ತವರೂ ಒಬ್ಬೊಬ್ಬರಾಗಿ ಇಳಿದು ಅವಳ ಹಿಂದೆ ಕೂತರು. ಹೊಸ ಕುರ್ಚಿಗಳ ಬಿಚ್ಚದ ಪ್ಲಾಸ್ಟಿಕ್ ಕವರುಗಳು ಚರಚರ ಸದ್ದು ಮಾಡಿ ಸುಮ್ಮನಾದವು.

ಮೇಲೆ, ಬೆಳಕಿನ ನಡುವೆ, ಒಂದು ಕಾಲು ಚಾಚಿ ರುದ್ರಮ್ಮ ಕೂತಿದ್ದಳು.

“ಜರಿ ಒಳೀತದೆ ಕಣಕ್ಕ,” ಅಂದಳು ಮಾದಮ್ಮ.

ಬೆವರು ಒರೆಸಿಕೊಳ್ಳುತ್ತಿದ್ದವರು ಕೈ ತಡೆದು ತಲೆಯೆತ್ತಿ ನೋಡಿದರು.