ಮರಿಯಂ ಬರೆದ ಬೈತ್

ಓದಲು ಕಲಿಯುವ ಮೊದಲೇ ನಾನು ಕೇಳಲು ಕಲಿತವನು. ಅಜ್ಜಿ ಆಮಿನಮ್ಮ ಪ್ರವಾದಿಯವರನ್ನು ಸ್ತುತಿಸುವ ಬೈತ್ ಹೇಳುವಾಗ ಮನೆಮಂದಿಯೆಲ್ಲ ಸುತ್ತ ಕುಳಿತು, ಪ್ರತಿ ಎರಡು ಸಾಲಿಗೊಮ್ಮೆ ಪಲ್ಲವಿ ಹೇಳಬೇಕಿತ್ತು. ಕೇಳುವವರು ಪಲ್ಲವಿ ಹೇಳದೆ ಹಾಡುವವರು ಮುಂದಿನ ಸಾಲಿಗೆ ಹೋಗುವಂತಿಲ್ಲ. ಹಾಡುವವರು ಪಲ್ಲವಿಯನ್ನು ತಾವೇ ಹೇಳಿಕೊಳ್ಳುವಂತೆಯೂ ಇಲ್ಲ. ನಮ್ಮಲ್ಲಿ ಅದು ಅದಬ್, ಮೀರಬಾರದ ಮರ್ಯಾದೆ.

ಅಜ್ಜಿಯ ಮಗ ಅಹ್ಮದ್ ಕುಂಞಿ, ನನ್ನ ಮಾಮ, ಮೂವತ್ತೊಂದು ವರ್ಷ ಹಾಂಗ್‌ಕಾಂಗಿನಲ್ಲಿ ಟೈಲರ್ ಆಗಿದ್ದವರು. ಅಲ್ಲಿ ಕ್ಯಾಂಟನೀಸ್ ಮಾತನಾಡುವ ಮುಸಲ್ಮಾನ ಹೆಣ್ಣು ಮರಿಯಂರನ್ನು ಮದುವೆಯಾದರು. ಊರಿನಲ್ಲಿ ಆಕೆಗೆ ಹೆಸರಿರಲಿಲ್ಲ, ‘ಚೀನದವಳು’ ಅಷ್ಟೆ. ಕಳೆದ ವರ್ಷ ಮರಿಯಂ ತೀರಿಕೊಂಡ ಮೇಲೆ ಮಾಮ ಗಲ್ಫಿನಲ್ಲಿ ನಾನಿರುವ ನಗರಕ್ಕೇ, ಅಲ್ ನಹ್ದಾದಲ್ಲಿರುವ ಮಗಳು ಹಫ್ಸಳ ಫ್ಲಾಟಿಗೆ ಬಂದರು. ಜೊತೆಗೆ ಒಂದು ಕಾಗದ ತಂದರು. ನಮ್ಮ ಬೈತಿನ ಧಾಟಿಯಲ್ಲೇ ಮರಿಯಂ ತನ್ನ ಭಾಷೆಯಲ್ಲಿ ಬರೆದ ಸ್ತುತಿ.

“ಅವರ ಭಾಷೆಯಲ್ಲಿ ಸ್ವರ ಏರಿಳಿದ್ರೆ ಅರ್ಥವೇ ಬೇರೆ ಆಗ್ತದೆ ಮೋನೆ. ನಮ್ಮ ಧಾಟಿಗೆ ಕೂಡುವ ಶಬ್ದ ಹುಡುಕ್ಲಿಕ್ಕೆ ಎರಡು ವರ್ಷ ತೆಗೊಂಡ್ಲು,” ಎಂದರು ಮಾಮ. ಮುಹಿಯುದ್ದೀನ್ ಎಂಬ ನನ್ನ ಹೆಸರು ಹಿಡಿಯದೆ ಅವರು ಯಾವಾಗಲೂ ಮೋನೆ, ಮಗನೇ, ಎಂದೇ ಕರೆಯುತ್ತಿದ್ದರು. “ಇದನ್ನು ಒಮ್ಮೆ ನಮ್ಮವರ ಮಜ್ಲಿಸಿನಲ್ಲಿ ಹೇಳ್ಬೇಕು. ನೀನು ಪಲ್ಲವಿ ಕಲಿ. ನೀನೊಬ್ಬ ಶುರು ಮಾಡಿದ್ರೆ ಉಳಿದವರು ಹಿಡ್ಕೊಳ್ತಾರೆ.”

ನಾನು ಕಲಿತೆ. ಎರಡು ವಾರ ಜುಮೇರಾ ಲೇಕ್ ಟವರ್ಸ್‌ನ ನಮ್ಮ ಆಫೀಸಿನ ಪಾರ್ಕಿಂಗಿನಲ್ಲಿ, ಕಾರಿನ ಗಾಜು ಏರಿಸಿ, ಏಳೇ ಏಳು ಶಬ್ದಗಳನ್ನು ಗುನುಗಿದೆ.

ಭಾನುವಾರ ಸಂಜೆಯ ಅಸರ್ ನಮಾಜು ಮುಗಿಸಿ ನೈಫಿನ ಹೋಟೆಲೊಂದರ ಮಹಡಿಯಲ್ಲಿ ನಮ್ಮ ಊರ ಕಡೆಯವರು ಮಜ್ಲಿಸಿಗೆ ಸೇರಿದ್ದರು. ಏರ್ಪಾಟೆಲ್ಲ ನೌಶಾದನದು.

“ಚೈನೀಸಾ?” ಎಂದ ನೌಶಾದ್, ಮೈಕ್ ಕೈಯಲ್ಲಿರುವಾಗಲೇ. “ಅಹ್ಮದ್ ಕಾಕಾ, ಇದು ಬೈತಾ, ನೂಡಲ್ಸ್ ಮೆನುವಾ?”

ಸಭೆ ನಕ್ಕಿತು. ಮಾಮ ಕೂಡ ತುಸು ನಕ್ಕು, ಟೊಪ್ಪಿ ಸರಿಮಾಡಿಕೊಂಡು ಮೊದಲ ಎರಡು ಸಾಲು ಹೇಳಿದರು. ಅಜ್ಜಿಯದೇ ಧಾಟಿ. ಕಣ್ಣು ಮುಚ್ಚಿದ್ದರೆ ಅಜ್ಜಿಯ ಪಕ್ಕದಲ್ಲೇ ಕುಳಿತಂತೆ. ಮಾಮ ನಿಲ್ಲಿಸಿ ನನ್ನತ್ತ ನೋಡಿದರು.

ಎರಡು ಫೋನುಗಳು ರೆಕಾರ್ಡ್ ಮಾಡುತ್ತಿದ್ದವು. ಏಳು ಶಬ್ದಗಳೂ ನಾಲಿಗೆಯ ತುದಿಯಲ್ಲಿದ್ದವು. ನಾನು ಬಾಯಿ ತೆರೆಯಲಿಲ್ಲ.

ಮಾಮ ಅದೇ ಎರಡು ಸಾಲನ್ನು ಮತ್ತೆ ಹೇಳಿ, ಮತ್ತೆ ಕಾದರು.

“ಯಲ್ಲಾ ಕಾಕಾ, ಬೇಗ ಮುಗಿಸಿ, ಬಿರಿಯಾನಿ ತಣಿತದೆ ಮಾರಾಯ್ರೆ!” ಎಂದು ಹಿಂದಿನಿಂದ ಯಾರೋ ಕೂಗಿದರು.

“ಖಲಾಸ್,” ಎಂದರು ಮಾಮ. ಕಾಗದ ಮಡಚಿ ಕೆಳಗಿಳಿದರು.

ಅನ್ಯಭಾಷೆಯ ಸ್ತುತಿ ಸರಿಯೋ ತಪ್ಪೋ ಎಂಬ ಸಂಶಯದಿಂದ ಸುಮ್ಮನಿದ್ದೆನೆಂದು ಕಾರು ಓಡಿಸುತ್ತ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ದೇವರಿಗೆ ಎಲ್ಲ ಭಾಷೆಯೂ ಬರುತ್ತದೆಂದು ನನಗೆ ಗೊತ್ತಿತ್ತು. ನಾನು ಹೆದರಿದ್ದು ನೌಶಾದನಿಗೆ.

ಪಕ್ಕದ ಸೀಟಿನಲ್ಲಿದ್ದ ಮಾಮ ಮಡಚಿದ ಕಾಗದವನ್ನು ಜೇಬಿಗೆ ಹಾಕಿಕೊಂಡರು. “ಅವಳನ್ನು ಒಮ್ಮೆ ಊರಿಗೆ ಕರ್ಕೊಂಡು ಹೋಗಿದ್ದೆ. ಬಾಗಿಲಲ್ಲಿ ನಿಂತು ನನ್ನ ಉಮ್ಮನಿಗೆ, ನಿನ್ನ ಅಜ್ಜಿಗೆ, ಸಲಾಂ ಹೇಳಿದ್ಲು. ಅಷ್ಟು ಬೈತ್ ಹೇಳಿದ ಬಾಯಿ, ಒಂದು ಸಲಾಮಿಗೆ ಉತ್ತರ ಕೊಡ್ಲಿಲ್ಲ.”

ನಾನು ಕಾರನ್ನು ಅಲ್ ನಹ್ದಾ ಕಡೆಗೆ ತಿರುಗಿಸಿದೆ.

ಹಫ್ಸಳ ಫ್ಲಾಟಿನ ಒಳಗೆ ಕುಳಿತ ಮೇಲೆ ಹೇಗೋ ಧೈರ್ಯ ಬಂತು. “ಮಾಮ, ಈಗ ಹೇಳಿ. ನಾನು ಪಲ್ಲವಿ ಹೇಳ್ತೇನೆ. ಹನ್ನೆರಡು ಜೋಡಿ ಸಾಲಿಗೂ ಹೇಳ್ತೇನೆ.”

“ಇಲ್ಲಿ ಹೇಳೋದಾದ್ರೆ ನೀನು ಎಂತಕ್ಕೆ? ಹಫ್ಸಳಿಗೆ ಪೂರಾ ಬರ್ತದೆ, ಅವಳ ಉಮ್ಮ ಕಲಿಸಿದ್ದು,” ಎಂದರು ಮಾಮ. ದನಿಯಲ್ಲಿ ಸಿಟ್ಟು ಇರಲಿಲ್ಲ. ಅಡುಗೆಮನೆಯ ಕಡೆ ತಿರುಗಿ, ದೂರದ ನೆಂಟರ ಮುಂದೆ ಕೂಗುವಂತೆ ಕೂಗಿದರು:

“ಹಫ್ಸಾ, ಮುಹಿಯುದ್ದೀನನಿಗೆ ಬೇಗ ಒಂದು ಚಾ ಕೊಡು. ಅವನಿಗೆ ಹೊರಡ್ಲಿಕ್ಕುಂಟು.”