ಹೆಚ್ಚುಕಮ್ಮಿ

ಸ್ನಾನದ ಮನೆಯ ಬಾಗಿಲಿಗೆ ಚಿಲಕ ಹಾಕಿ, ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದ ಲೇತ್ ಕೆಲಸಗಾರನಿಗೆ ಎರಡೇ ಎರಡು ಸಂಗತಿ ಖಚಿತವಾಗಿ ಗೊತ್ತಿದ್ದವು. ತೊಡೆಗಳ ನಡುವೆ ಕಚ್ಚಿಕೊಂಡಿರುವ ಉಕ್ಕಿನ ಬಳೆಯನ್ನು ಮಾಡಿದವನು ತಾನೇ. ಮತ್ತು ಅದು ಬರುತ್ತಿಲ್ಲ.

ಬಾಗಿಲಾಚೆ ಅತ್ತೆಯ ದನಿ ಕೇಳಿಸಿತು. "ಅಳಿಯಂದ್ರು ಒಳಗೆ ಹೋಗಿ ಎಷ್ಟೊತ್ತಾಯ್ತೇ? ಹೊಟ್ಟೆ ಕೆಟ್ಟಿದೆಯೋ ಏನೋ. ನಿಂಬೆರಸಕ್ಕೆ ಉಪ್ಪು ಹಾಕಿ ಕೊಡ್ಲಾ?"

"ನೀನು ಸುಮ್ನಿರಮ್ಮ," ಎಂದಳು ಹೆಂಡತಿ, ಹೊಲಿಗೆ ಮಷೀನು ತುಳಿಯುತ್ತಲೇ. "ಅವರು ಸ್ನಾನದ ನೀರನ್ನೂ ಅಳೆದು ಹುಯ್ಕೊಳ್ಳೋ ಜಾತಿ. ಇವತ್ತು ಸೋಪಿನ ಉದ್ದಗಲ ನೋಡ್ತಿರ್ಬೇಕು."

ಸುಳ್ಳಲ್ಲ ಅವಳ ಮಾತು. ಕಾರ್ಖಾನೆಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಎಲ್ಲರ ಬಾಯಲ್ಲೂ ಅವನು 'ಮೈಕ್ರಾನ್', ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕೂದಲು ಸೀಳಿ ಅರ್ಧ ಕೊಡು ಎಂದರೆ ಕೊಟ್ಟಾನು, ಆದರೆ ಯಾವ ಅರ್ಧ ಎಂದು ಮೊದಲು ಕೇಳಿಯಾನು. ಅವನಿಗೆ ಮೈಯುರಿಯುವ ಮಾತೊಂದಿತ್ತು: ಹೆಚ್ಚುಕಮ್ಮಿ. ದರ್ಜಿ ಕೆಲಸದ ಹೆಂಡತಿಗೋ ಅದೇ ಊಟ, ಅದೇ ನಿದ್ದೆ. ತೋಳು ಹೆಚ್ಚುಕಮ್ಮಿ ಇಷ್ಟಿರಲಿ, ಸೊಂಟ ಹೆಚ್ಚುಕಮ್ಮಿ ಅಷ್ಟಿರಲಿ. "ಅಳತೆ ಅಂದ್ರೆ ಅಳತೆ ಕಣೇ, ಹೆಚ್ಚುಕಮ್ಮಿ ಅಂತ ಒಂದು ಅಳತೆ ಇಲ್ಲ," ಎಂದು ಅವನು ರೇಗುತ್ತಿದ್ದ. "ಮೈ ಉಸಿರಾಡುತ್ತೆ, ಉಕ್ಕು ಉಸಿರಾಡಲ್ಲ, ನಿಮಗೇನು ಗೊತ್ತು," ಎಂದು ಅವಳು ದಾರ ಕಚ್ಚಿ ತುಂಡರಿಸುತ್ತಿದ್ದಳು.

ಇಷ್ಟು ಅಚ್ಚುಕಟ್ಟಿನ ಗಂಡಸಿಗೆ ಈ ಪಾಡು ಹೇಗೆ ಬಂತು? ಅದಕ್ಕೆ ಅಜ್ಜಿಯರು ಹೇಳುವ ಹಗುರಪ್ಪನ ಕಥೆಯಿಂದಲೇ ಶುರು ಮಾಡಬೇಕು. ಹಗುರಪ್ಪ ಎಂಬೊಬ್ಬನಿದ್ದ. ಮೈಯಲ್ಲಿ ತೂಕವೇ ಇಲ್ಲ, ಗಾಳಿ ಬೀಸಿದರೆ ಹಾರಿಹೋಗುವನು. ಅವನು ನೆಲದ ಮೇಲೆ ನಿಲ್ಲಲೆಂದು ಕಾಲಿಗೆ ಗುಂಡುಕಲ್ಲು ಕಟ್ಟಿಕೊಂಡ. ಕಲ್ಲಿನ ಭಾರಕ್ಕೆ ಮನಸ್ಸು ನೆಲೆಗೆ ಬಂತು, ಉಂಡ ಅನ್ನ ಮೈಗೆ ಹತ್ತಿತು. ಆಮೇಲೊಂದು ದಿನ ಹೊಳೆ ದಾಟಲು ಹೋದ. ಇಲ್ಲಿ ಅಜ್ಜಿ ಕಥೆ ನಿಲ್ಲಿಸಿ ಮಕ್ಕಳ ಮುಖ ನೋಡುವಳು. "ಗಂಟು ಎಂಥದ್ದು ಹಾಕಿದ್ದ, ಹೇಳಿ? ಎಳೆದ್ರೆ ಬಿಚ್ಚೋದಾ, ಎಳೆದಷ್ಟೂ ಬಿಗಿಯೋದಾ?" ಅದರ ಮೇಲೆ ನಿಂತಿತ್ತು ಹಗುರಪ್ಪನ ಜೀವ.

ನಮ್ಮ ಮೈಕ್ರಾನ್‌ಗೂ ಅಂಥದೇ ಒಂದು ಕಾಯಿಲೆ, ಆದರೆ ಕಾಯಿಲೆಯೆಂದು ಹೇಳಲು ಬಾರದು. ಮೇಸ್ತ್ರಿ ದನಿ ಏರಿಸಿದರೆ, ಫೋನು ಸದ್ದು ಮಾಡಿದರೆ, ಏನೂ ಆಗದಿದ್ದರೂ ಸೈ, ಅವನ ಮೈಯೆಲ್ಲ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಬೀಜದ ಚೀಲವಂತೂ ಹೆದರಿದ ಆಮೆಯ ತಲೆಯ ಹಾಗೆ ಮೇಲೆ ಸೇರಿ, ದಿನವಿಡೀ ತೊಡೆಸಂದಿಯಲ್ಲಿ ಸೆಡೆತ. ಆ ಚೀಲವನ್ನು ಮೆಲ್ಲಗೆ ಎಳೆದು ಸಡಿಲ ಮಾಡಿಕೊಳ್ಳುವವರು ಇದ್ದಾರೆಂದು ಅವನು ಮೊಬೈಲಿನಲ್ಲಿ ಓದಿದ್ದ. ಹಳೆಯ ಬೂಟಿನ ನಾಲಿಗೆಯ ಮೆತ್ತನೆ ಚರ್ಮ ಕತ್ತರಿಸಿ, ಅಂಚಿಗೆ ಬಟ್ಟೆ ಕೊಟ್ಟು, ಒತ್ತುಗುಂಡಿ ಹಾಕಿ ಚೀಲದ ಬುಡಕ್ಕೆ ಸುತ್ತುವ ಒಂದು ಪಟ್ಟಿ ಮಾಡಿಕೊಂಡ. ಬಿಸಿನೀರಿನ ಸ್ನಾನದ ನಂತರ ಸ್ವಲ್ಪ ಹೊತ್ತು ಹಾಕುವನು. ಅದಕ್ಕೂ ಕಟ್ಟಳೆಗಳಿದ್ದವು. ಕಣ್ಣು ಮುಚ್ಚಿ ಒಂದೇ ಕೈಯಲ್ಲಿ ಬಿಚ್ಚಲು ಬರಬೇಕು. ಜುಮುಗುಟ್ಟಿದರೆ, ತಣ್ಣಗಾದರೆ, ಬಣ್ಣ ತಿರುಗಿದರೆ ಆ ಕ್ಷಣವೇ ತೆಗೆಯಬೇಕು. ಹಾಕಿಕೊಂಡು ಮಲಗುವ ಮಾತೇ ಇಲ್ಲ. ಪಟ್ಟಿಯ ಪುಟ್ಟ ಭಾರ ಜಗ್ಗುವಾಗ ಯಾರೋ ಕೈ ಹಿಡಿದು ನೆಲಕ್ಕಿಳಿಸಿದಂತಾಗಿ, ಅವನು ಗೋಡೆಗೊರಗಿ ಉಸಿರು ಬಿಡುತ್ತಿದ್ದ. ಇಷ್ಟಕ್ಕೇ ಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ.

ಆದರೆ ಕೈಯಲ್ಲಿ ಕಸುಬಿದ್ದವನಿಗೆ ಬೂಟಿನ ನಾಲಿಗೆ ಸಾಕಾದೀತೇ? ಊಟದ ಬಿಡುವಿನಲ್ಲಿ ಪಟ್ಟಿಯ ಬದಲಿಗೆ ಉಕ್ಕಿನ ಬಳೆ ಕಡೆದ. ಎರಡು ಹೋಳು, ಒಂದರೊಳಗೊಂದು ಗೂಟವಿಳಿದು ಕೂರುವಂಥವು, ಬಿಗಿಯಲು ಎರಡು ಸ್ಕ್ರೂ. ಕೂಡಿಸಿದರೆ ಕೂಡಿಕೆ ಎಲ್ಲಿದೆಯೆಂದು ಉಗುರಿಗೂ ತಿಳಿಯದು. ಇಡೀ ಜನ್ಮದಲ್ಲಿ ಅಷ್ಟು ಚೆಂದದ ಕೆಲಸ ಮಾಡಿರಲಿಲ್ಲ, ಯಾರಿಗೂ ತೋರಿಸುವಂತಿರಲಿಲ್ಲ.

ರಜೆಯ ದಿನ ಬೆಳಗ್ಗೆ ಹಾಕಿಕೊಂಡ. ಹಾಕಿಕೊಂಡನೋ ಇಲ್ಲವೋ, ಹೇಳದೆ ಕೇಳದೆ ಅತ್ತೆ ಬಸ್ಸಿನಲ್ಲಿ ಬಂದಿಳಿದು ಫೋನು ಮಾಡಿದರು. ಬಸ್ ನಿಲ್ದಾಣಕ್ಕೆ ಓಡಬೇಕಾಯಿತು, ಚೀಲ ಹೊರಬೇಕಾಯಿತು, ಕುರ್ಚಿಯ ತುದಿಯಲ್ಲಿ ಕೂತು ಅವರ ಮಂಡಿನೋವಿನ ಚರಿತ್ರೆ ಕೇಳಬೇಕಾಯಿತು. ಒಳಗೆ ಬಿಸಿಯೇರುತ್ತಿತ್ತು, ಬಳೆ ಹಿಡಿಯುತ್ತಿತ್ತು. ಹೇಗೋ ಎದ್ದು ಸ್ನಾನದ ಮನೆ ಸೇರುವಾಗ ನೆನಪಾಯಿತು: ಸ್ಕ್ರೂ ಬಿಚ್ಚುವ ಆರು ಮೂಲೆಯ ಅಲೆನ್ ಕೀ ಚಡ್ಡಿಯ ಜೇಬಿನಲ್ಲಿತ್ತು, ಚಡ್ಡಿ ಬದಲಿಸಿ ನಿಲ್ದಾಣಕ್ಕೆ ಹೋಗಿದ್ದ, ಬರುವಷ್ಟರಲ್ಲಿ ಹೆಂಡತಿ ಅದನ್ನು ಕೊಡವಿ ಒಗೆಯಲು ಹಾಕಿದ್ದಳು. ಕೀ ಎಲ್ಲಿ ಬಿತ್ತೋ ದೇವರೇ ಬಲ್ಲ. ಹೊಲಿಗೆ ಮಷೀನಿನ ಡ್ರಾದಲ್ಲಿ ಇನ್ನೊಂದು ಕೀ ಇತ್ತು, ಹೆಂಡತಿ ಅತ್ತ ತಿರುಗಿದಾಗ ಎತ್ತಿಕೊಂಡು ಬಂದ. ಅದು ಇಂಚಿನ ಅಳತೆಯದು, ಸ್ಕ್ರೂ ಮಿಲಿಮೀಟರಿನದು. ಮೈಕ್ರಾನ್‌ನಂಥ ಮೈಕ್ರಾನ್ ಅದನ್ನು ಕೈಯಲ್ಲಿ ಹಿಡಿದು, ಜೀವನದಲ್ಲಿ ಮೊದಲ ಸಲ ತನಗೆ ತಾನೇ ಹೇಳಿಕೊಂಡ: ಹೆಚ್ಚುಕಮ್ಮಿ ಆಗುತ್ತೆ.

ಒಂದು ಸ್ಕ್ರೂ ಬಂತು. ಇನ್ನೊಂದರೊಳಗೆ ಕೀ 'ಕರಕ್' ಎಂದು ಸುತ್ತಿತು, ಮೂಲೆಗಳೆಲ್ಲ ಸವೆದು ತೂತು ಗುಂಡಗಾಯಿತು. ಅಲ್ಲಿಗೆ ಮುಗಿಯಿತು. ಅವನ ಹೆಮ್ಮೆಯ ಗೂಟಗಳು ಹೋಳುಗಳನ್ನು ಕದಲಲು ಬಿಡಲಿಲ್ಲ. ತಣ್ಣೀರು ಹುಯ್ದ. ಎಣ್ಣೆ ಸವರಿದ. ಟವೆಲ್ಲು ಕಚ್ಚಿಕೊಂಡು ಎಳೆದ. ಚರ್ಮ ಬದನೆಯ ಬಣ್ಣಕ್ಕೆ ತಿರುಗಿತ್ತು. ಹಲ್ಲಿಯಾದರೂ ಬಾಲ ಬಿಟ್ಟು ಓಡುತ್ತದೆ, ನಾನೇನು ಬಿಟ್ಟು ಓಡಲಿ ಎಂದು ಅತ್ತ.

ಆಮೇಲೆ ನೋವು ಕಡಿಮೆಯಾಗತೊಡಗಿತು. ನೋಯುವಾಗ ಬರೀ ಅತ್ತಿದ್ದವನು, ನೋವು ಇಳಿದಾಗ ನಡುಗಿಹೋದ. ಬೆರಳಿನಿಂದ ಮುಟ್ಟಿದರೆ ಬೇರೆ ಯಾರದ್ದನ್ನೋ ಮುಟ್ಟಿದ ಹಾಗೆ, ತಣ್ಣಗೆ. ಮಾನ ಮುಖ್ಯವೋ ಮೈ ಮುಖ್ಯವೋ ಎಂದು ಲೆಕ್ಕ ಹಾಕುವ ಹೊತ್ತು ಮೀರಿತ್ತು. ಚಿಲಕ ತೆಗೆದು, ಬಾಗಿಲ ಸಂದಿಯಲ್ಲಿ ಬಾಯಿಟ್ಟು ಕರೆದ. "ಇಲ್ಲಿ ಬಾ. ನೀನೊಬ್ಬಳೇ ಬಾ."

ಅವಳು ಬಂದಳು, ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ನೋಡಿದಳು. ಬಾಯಿಗೆ ಕೈ ಹೋಯಿತು.

"ಇದೇನ್ರೀ ಇದು? ಯಾರು ಹಾಕಿದ್ದು ನಿಮಗೆ?"

"ನಾನೇ."

"ನೀವೇ? ಬುದ್ಧಿ ಇದೆಯಾ ನಿಮಗೆ?"

"ಆಮೇಲೆ ಬೈಯಿ. ಎಷ್ಟು ಬೇಕಾದ್ರೂ ಬೈಯಿ. ಈಗ ಇದನ್ನ... ನಂಗೆ ಅಲ್ಲಿ ಏನೂ ಗೊತ್ತಾಗ್ತಿಲ್ಲ ಕಣೇ."

ಅವನ ದನಿಯಲ್ಲಿ ಏನು ಕೇಳಿಸಿತೋ, ಅವಳು ಬೈಯಲಿಲ್ಲ. ತನ್ನ ಅಗಲದ ಲಂಗವೊಂದನ್ನು ತಂದು ಅವನಿಗೆ ತೊಡಿಸಿ, ಮೇಲೆ ಶಾಲು ಸುತ್ತಿ, ತೋಳು ಹಿಡಿದು ಹೊರಗೆ ನಡೆಸಿದಳು.

"ಅಯ್ಯೋ, ಅಳಿಯಂದ್ರಿಗೆ ಏನಾಯ್ತೇ?" ಅತ್ತೆ ಎದ್ದು ನಿಂತರು.

"ಕಲ್ಲಿನ ನೋವಮ್ಮ. ಆಸ್ಪತ್ರೆಗೆ ಹೋಗ್ಬರ್ತೀವಿ."

"ಕಲ್ಲಾ? ಎಲ್ಲಿ?"

"ಎಲ್ಲಿರುತ್ತೋ ಅಲ್ಲೇ!"

ಆಸ್ಪತ್ರೆಯ ಡಾಕ್ಟರಮ್ಮ ಪರದೆ ಎಳೆದು ನೋಡಿದರು. ಹುಬ್ಬು ಮೇಲೇರಲಿಲ್ಲ, ತುಟಿ ಬಿಗಿಯಿತು. ಬೆರಳಿನ ಉಂಗುರ ಕತ್ತರಿಸುವ ಸಲಕರಣೆ ತರಿಸಿದರು. ಅದು ಬಳೆಯ ದಪ್ಪಕ್ಕೆ ಬಾಯಿಯನ್ನೇ ಹಾಕಲಾರದಾಯಿತು.

"ಎಲ್ಲಿ ಕೊಂಡ್ರಿ ಇದನ್ನ?"

ಅವನು ಗೋಡೆ ನೋಡಿದ. ಹೆಂಡತಿ ಹೇಳಿದಳು, "ಅವರೇ ಮಾಡಿದ್ದು, ಡಾಕ್ಟ್ರೇ. ಲೇತ್ ಕೆಲಸ."

"ಒಳ್ಳೇದೇ ಆಯ್ತು. ಇಲ್ಲಿ ನೋಡಿ, ನಾಚಿಕೆಗೆಲ್ಲ ಈಗ ಪುರುಸೊತ್ತಿಲ್ಲ. ಎಲ್ಲಿ ಕೊಯ್ದರೆ ಬೇಗ ತುಂಡಾಗುತ್ತೆ, ನೀವೇ ಹೇಳ್ಬೇಕು."

ಅವನು ಕಣ್ಣು ಮುಚ್ಚಿದ. ಆ ಬಳೆಯ ಒಳಹೊರಗೆಲ್ಲ ಕತ್ತಲೆಯಲ್ಲೂ ಕಾಣುತ್ತಿತ್ತು. "ಸವೆದ ಸ್ಕ್ರೂ ತಲೆ ಕೂತಿರೋ ಗುಳಿ ಇದೆಯಲ್ಲ, ಅದರ ಪಕ್ಕ. ಅಲ್ಲಿ ಉಕ್ಕು ತೆಳ್ಳಗೆ."

"ಎಷ್ಟು ತೆಳ್ಳಗೆ?"

ಬಾಯಿ ತೆರೆದ. ಸಂಖ್ಯೆ ಬರಲಿಲ್ಲ. "ಹೆಚ್ಚುಕಮ್ಮಿ... ಎರಡು ಮಿಲಿ."

ಹೆಂಡತಿ ತಿರುಗಿ ಅವನ ಮುಖ ನೋಡಿದಳು. ಎಷ್ಟು ಹೆದರಿದ್ದಾನೆಂದು ಅವಳಿಗೆ ತಿಳಿದದ್ದು ಆಗಲೇ.

ಬಳೆಗೂ ಚರ್ಮಕ್ಕೂ ನಡುವೆ ತೆಳು ತಗಡು ತೂರಿಸಿದರು. ಸಣ್ಣ ಗರಗಸ ಗುಂಯ್ಗುಟ್ಟಿತು. ಲೋಹ ಕಾಯದಂತೆ ಹನಿಹನಿ ನೀರು ಬಿಡಬೇಕಿತ್ತು. ಆ ಕೆಲಸ ಹೆಂಡತಿಯದು, ಸೂಜಿಗೆ ದಾರ ಪೋಣಿಸುವಂಥ ನಿಗಾದಿಂದ ಬಿಟ್ಟಳು. ಅವನು ಅವಳ ಸೆರಗಿನ ತುದಿಯನ್ನು ಹಿಡಿದುಕೊಂಡಿದ್ದ. ಗರಗಸ ಎರಡು ಸಲ ಜಾರಿತು. ಅಂಥ ಒಳ್ಳೆಯ ಉಕ್ಕನ್ನು ಆರಿಸಿ ತಂದ ತನ್ನ ಕೈಗಳಿಗೆ ಅವನು ಮನಸ್ಸಿನಲ್ಲೇ ಶಾಪ ಹಾಕಿದ. ಕೊನೆಗೆ 'ಟಿಣ್' ಎಂದಿತು. ಹೋಳುಗಳು ಬೇರೆಯಾದವು.

ಡಾಕ್ಟರಮ್ಮ ಬೆರಳಿಟ್ಟು ಕಾದರು. ಬಣ್ಣ ಹಾಗೇ ಇತ್ತು. ಇನ್ನೂ ಹಾಗೇ ಇತ್ತು. ಆಮೇಲೆ ಅವನು "ಅಮ್ಮಾ!" ಎಂದು ಕೂಗಿದ. ಬೆಂಕಿ ಹಚ್ಚಿದ ಹಾಗೆ ನೋವು ನುಗ್ಗಿ ಬಂದಿತ್ತು.

"ನೋಯ್ತಿದೆಯಾ?"

"ಸಾಯೋಷ್ಟು."

"ಸಂತೋಷ," ಎಂದು ಅವರು ಮೊದಲ ಸಲ ನಕ್ಕರು. "ರಕ್ತ ಹರೀತಿದೆ. ಇನ್ನಷ್ಟು ಹೊತ್ತು ನಾಚಿಕೊಂಡು ಕೂತಿದ್ರೆ ಕೊಯ್ದು ತೆಗೀಬೇಕಾಗ್ತಿತ್ತು. ಇವತ್ತು ಇಲ್ಲೇ ಮಲಗಿ, ನೋಡೋಣ. ಇನ್ನೊಂದು ಮಾತು. ಬೇಡ ಅಂದ್ರೆ ಕದ್ದು ಮಾಡ್ತೀರಿ, ನಂಗೊತ್ತು. ಪೂರ್ತಿ ವಾಸಿಯಾಗೋವರೆಗೆ ಏನೂ ಹಾಕೋ ಹಾಗಿಲ್ಲ. ಆಮೇಲೂ ಮೊದಲು ನನಗೆ ತೋರಿಸ್ಬೇಕು. ಲೋಹವಂತೂ ಬೇಡವೇ ಬೇಡ."

ಮಾರನೆಯ ದಿನ ಬಣ್ಣ ತಿಳಿಯಾಗಿತ್ತು. ಮನೆಗೆ ಬರುವ ದಾರಿಯುದ್ದಕ್ಕೂ ಅವನು ಬೈಗುಳಕ್ಕೆ ಕಾದ. ಅವಳು ಕೇಳಿದ್ದು ಒಂದೇ. "ಯಾಕ್ರೀ?"

ಸೆಡೆತ, ಹೆದರಿಕೆ, ಬೂಟಿನ ಪಟ್ಟಿ, ಅದರ ಕಟ್ಟಳೆ, ಭಾರ ಜಗ್ಗಿದಾಗ ಸಿಗುವ ಒಂದಿಷ್ಟು ನೆಮ್ಮದಿ, ಎಲ್ಲವನ್ನೂ ತಡವರಿಸುತ್ತ ಹೇಳಿದ. "ಪಕ್ಕದಲ್ಲೇ ಮಲಗ್ತೀನಲ್ರೀ. ಹೆದರಿಕೆ ಅಂತ ಒಂದು ಮಾತು ಹೇಳೋಕೆ ಆಗ್ಲಿಲ್ವಾ?" ಎಂದಳು.

ಅತ್ತೆ ಊರಿಗೆ ಹೊರಟ ಮೇಲೆ, ಗಾಯ ಮಾಗಿ ಡಾಕ್ಟರಮ್ಮ ತಲೆಯಾಡಿಸಿದ ಮೇಲೆ, ಒಂದು ಮಧ್ಯಾಹ್ನ ಅವಳು ಮೆತ್ತನೆ ಬಟ್ಟೆಯ ಪಟ್ಟಿಯೊಂದನ್ನು ಹೊಲಿದು, ತುದಿಗೆ ಎಳೆದರೆ ಬಿಚ್ಚುವ ಅಂಟುಪಟ್ಟಿ ಹಾಕಿ ತಂದಳು. ಮೊದಲು ಅವನ ಮುಂಗೈಗೆ ಸುತ್ತಿ ನೋಡಿದಳು. ಒಳಗೆ ಬೆರಳಾಡಿಸಿದಳು.

"ಸಡಿಲ ಆಯ್ತು," ಎಂದ ಅವನು, ಅಭ್ಯಾಸಬಲ.

"ಆಗ್ಲಿ. ಕಣ್ಣು ಮುಚ್ಚಿ. ಎಳೀರಿ."

ಅವನು ಕಣ್ಣು ಮುಚ್ಚಿ ಎಳೆದ. ಪರ್ರನೆ ಬಿಚ್ಚಿಕೊಂಡಿತು. ಸದ್ದಿಗೆ ಇಬ್ಬರೂ ಬೆಚ್ಚಿದರು. ಅವಳು ನಗಲು ಹೋಗಿ, ನಗದೆ, ಪಟ್ಟಿಯನ್ನು ಮತ್ತೆ ಸುತ್ತಿದಳು.

"ಇನ್ನೊಂದ್ಸಲ ಎಳೀರಿ," ಎಂದಳು. "ಮಷೀನಿನ ಹತ್ರ ಕೂತಿದ್ರೂ ನಂಗೆ ಕೇಳಿಸ್ಬೇಕು."