ಅಕ್ಕನಿಗಾಗಿ ಸದ್ದಿಲ್ಲದ ಪವರ್ ಸಪ್ಲೈ

ಕೇಳಿ, ಒಂದು ಸಲ ಉಸಿರು ಬಿಗಿಹಿಡಿದು ಇದನ್ನು ಕೇಳಿ, ಏನೂ ಇಲ್ಲ ಅಲ್ಲವೇ, ಏನಂದರೆ ಏನೂ ಇಲ್ಲ, ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಹೆಡ್‌ಫೋನಿನೊಳಗೆ ನನ್ನದೇ ಕತ್ತಿನ ನಾಡಿ ಬಿಟ್ಟರೆ ಬೇರೆ ಸದ್ದಿಲ್ಲ, ಇದನ್ನು ಮಾಡಿದ್ದು ನಾನು, ಹೆಡ್‌ಫೋನ್ ಸಿಕ್ಕಿಸುವ ಆಂಪ್ಲಿಫೈಯರು, ಅದಕ್ಕೆ ಕರೆಂಟು ಉಣಿಸುವ ಪವರ್ ಸಪ್ಲೈ, ಎಲ್ಲ ಬಿಸ್ಕತ್ತಿನ ತಗಡು ಡಬ್ಬಿಯೊಳಗೆ, ಬೆಸುಗೆ ಹಾಕುತ್ತಾ ಕೈಯೆಲ್ಲ ಸುಟ್ಟುಕೊಂಡು — ಗೋಡೆಯಿಂದ ಬರುವ ಕರೆಂಟು ಅಂದರೆ ಕೊಳಕು ನೀರು, ಫ್ರಿಜ್ಜಿನ ಗೊರಕೆ, ಪಕ್ಕದ ಮನೆಯ ಮೋಟರಿನ ಕೆಮ್ಮು, ಮೆಟ್ಟಿಲ ಟ್ಯೂಬ್‌ಲೈಟಿನ ಪಿರಿಪಿರಿ ಎಲ್ಲವನ್ನೂ ಹೊತ್ತುಕೊಂಡೇ ಬರುತ್ತದೆ, ಸೋಸಬೇಕು, ಸೋಸಿದ್ದನ್ನೇ ಮತ್ತೆ ಸೋಸಬೇಕು, ಟ್ರಾನ್ಸ್‌ಫಾರ್ಮರ್ ಅದರ ಸೊಕ್ಕು ಇಳಿಸುತ್ತದೆ, ಡಯೋಡು ಒಂದೇ ದಿಕ್ಕಿಗೆ ತಳ್ಳುತ್ತದೆ, ಕೆಪಾಸಿಟರ್ ತೊಟ್ಟಿಯ ಹಾಗೆ ತುಂಬಿಟ್ಟುಕೊಳ್ಳುತ್ತದೆ, ಕೊನೆಗೆ ರೆಗ್ಯುಲೇಟರ್, ನಲ್ಲಿ ಹಿಡಿದು ಕೂತ ಜುಗ್ಗ, ಒಂದು ಹನಿ ಹೆಚ್ಚಿಲ್ಲ ಒಂದು ಹನಿ ಕಡಿಮೆಯಿಲ್ಲ, ಅದರಾಚೆಗೆ ಬರುವುದು ಬರೀ ಮೌನ, ನಿರ್ಮಲ ಮೌನ, ಎಷ್ಟು ಚಂದ ಅಂತೀರಿ — ಅಕ್ಕ ನನ್ನ ತಲೆಯಿಂದ ಹೆಡ್‌ಫೋನ್ ಕಿತ್ತು ತನ್ನ ಕಿವಿಗೆ ಹಾಕಿಕೊಳ್ಳುತ್ತಾಳೆ, ಮಂಚದ ಅಂಚಿಗೆ ಕೂರುತ್ತಾಳೆ, ತುಟಿ ಕಚ್ಚಿ ಕೇಳುತ್ತಾಳೆ, ಆಮೇಲೆ ಅದೇ ಮಾತು, ಇದೆ ಕಣೋ.

ಇದೆ ಅಂದರೆ ಇರಲೇಬೇಕು, ಅಕ್ಕನ ಕಿವಿ ಸುಳ್ಳು ಹೇಳುವುದಿಲ್ಲ, ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಈ ಮನೆ ನಡೆದದ್ದೇ ಆ ಕಿವಿಗಳಿಂದ, ಸ್ಟುಡಿಯೋದಲ್ಲಿ ಹಾಡು ಮಿಕ್ಸ್ ಮಾಡುವ ಕೆಲಸ, ದನಿ ವಾದ್ಯ ಎಲ್ಲವನ್ನೂ ಏರಿಸಿ ಇಳಿಸಿ ಹದ ಮಾಡುವುದು, ನಾನು ಚಿಕ್ಕವನಿದ್ದಾಗ ಅವಳ ಹೆಡ್‌ಫೋನ್ ನನ್ನ ತಲೆಗೆ ಸಿಕ್ಕಿಸಿ, ಜಾರಿ ಕತ್ತಿಗೆ ಬೀಳುತ್ತಿತ್ತು, ಈ ತಂತಿಯ ತುದಿ ಮುಟ್ಟು ಅಂದಿದ್ದಳು, ಮುಟ್ಟಿದೆ, ಕಿವಿಯಲ್ಲಿ ಗುಂಯ್ ಅಂತು, ಹೌಹಾರಿದೆ, ಅಯ್ಯೋ ಹೇಡಿ, ಅದು ಮನೆ ಕರೆಂಟಿನ ಸದ್ದು ಕಣೋ, ನಿನ್ನ ಮೈನೂ ಒಂದು ತಂತಿನೇ ಅಂತ ನಕ್ಕಳು, ಅವತ್ತು ಹತ್ತಿದ ಹುಚ್ಚು ಇನ್ನೂ ಇಳಿದಿಲ್ಲ. ಈ ಪೆಟ್ಟಿಗೆ ಬೇಕೆಂದು ಕೇಳಿದವಳೂ ಅವಳೇ, ಲೋ ವಿಜ್ಞಾನಿ, ಸ್ಟುಡಿಯೋದಲ್ಲಿ ಇರೋ ಬರೋ ಮೆಷಿನ್ನೆಲ್ಲ ಸಣ್ಣಗೆ ಸೀಟಿ ಹೊಡೀತವೆ, ನೀನಾದ್ರೂ ಬಾಯಿ ಮುಚ್ಕೊಂಡಿರೋದು ಒಂದು ಮಾಡ್ಕೊಡು. ಅಲ್ಲಿಯ ರಿಪೇರಿಯವನಿಗೆ ಅವಳಿಟ್ಟ ಹೆಸರು ಫ್ಯೂಸಣ್ಣ, ಅವನು ಎಲ್ಲ ಬಿಚ್ಚಿ ನೋಡಿ, ಮೇಡಂ, ಇದು ನಿಮಗೊಬ್ರಿಗೇ ಕೇಳ್ಸೋದು ಅಂದನಂತೆ, ಊಟಕ್ಕೆ ಕೂತಾಗ ಅವನ ಮೂಗುಧ್ವನಿಯನ್ನು ಅಣಕಿಸಿ ತೋರಿಸಿದಳು, ನಿಮಗೊಬ್ರಿಗೇ, ನಿಮಗೊಬ್ರಿಗೇ, ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಮೊದಮೊದಲು ನನ್ನದರಲ್ಲಿ ಗುಂಯ್ ನಿಜಕ್ಕೂ ಇತ್ತು, ನನಗೂ ಕೇಳುತ್ತಿತ್ತು, ಟ್ರಾನ್ಸ್‌ಫಾರ್ಮರನ್ನು ಬೇರೆ ಡಬ್ಬಿಗೆ ಹಾಕಿ ಮೇಜಿನಡಿಗೆ ದೂಡಿದೆ, ಗ್ರೌಂಡ್ ತಂತಿಗಳನ್ನೆಲ್ಲ ತಂದು ಒಂದೇ ಕಡೆ ಕಟ್ಟಿದೆ, ಹೋಯಿತು, ಆಗ ಅಕ್ಕ, ಗುಂಯ್ ಹೋಯ್ತು ಮರಿ, ಈಗ ಸೀಟಿ ಕೇಳ್ತಿದೆ ನೋಡು, ತೆಳ್ಳಗೆ, ದಾರದ ಥರ. ನನಗೆ ಕೇಳಲಿಲ್ಲ, ನನ್ನ ಕಿವಿಗೆಲ್ಲಿ ಆ ಯೋಗ್ಯತೆ ಅಂದುಕೊಂಡೆ, ಪಕ್ಕದ ಕೆಪಾಸಿಟರ್ ಒಗ್ಗದಿದ್ದರೆ ರೆಗ್ಯುಲೇಟರ್ ತನ್ನಷ್ಟಕ್ಕೆ ತಾನೇ ಕೂಗತೊಡಗುತ್ತದೆ, ಓದಿದ್ದೇನೆ, ಕೆಪಾಸಿಟರ್ ಬದಲಾಯಿಸಿದೆ, ಇದೆ ಕಣೋ, ರೆಗ್ಯುಲೇಟರನ್ನೇ ಬದಲಾಯಿಸಿದೆ, ಇದೆ ಕಣೋ, ಕಾಲೇಜಿನ ಲ್ಯಾಬಿಗೆ ಹೊತ್ತುಕೊಂಡು ಹೋದೆ, ಕರೆಂಟಿನ ಅಲುಗಾಟವನ್ನು ಗೆರೆಯಾಗಿ ತೋರಿಸುವ ಸ್ಕೋಪಿನ ಪರದೆಯ ಮೇಲೆ ಹಸಿರು ಗೆರೆ ಸತ್ತ ಹಾವಿನ ಹಾಗೆ ನೆಟ್ಟಗೆ ಮಲಗಿತ್ತು, ಲ್ಯಾಬ್ ಸರ್ ನೋಡಿ, ಇದಕ್ಕಿಂತ ಸೈಲೆಂಟ್ ಬೇಕಂದ್ರೆ ಸುಡುಗಾಡಿಗೇ ಹೋಗ್ಬೇಕಪ್ಪಾ ನೀನು ಅಂದರು. ಸ್ಕೋಪು ಕೆಟ್ಟಿದೆ ಅಂದುಕೊಂಡೆ ನಾನು, ದೇವರಾಣೆ, ಸ್ಕೋಪೇ ಕೆಟ್ಟಿರಬೇಕು ಅಂದುಕೊಂಡೆ!

ಇವತ್ತು ಮುಗಿಸಲೇಬೇಕು, ಅವಳು ಮಿಕ್ಸ್ ಮಾಡಿದ ಹಾಡುಗಳನ್ನು ಸ್ಟುಡಿಯೋ ಓನರು ವಾಪಸ್ ಕಳಿಸಿದ್ದಾರೆ, ಏನಮ್ಮಾ ಇದು, ಹಾಡೋಳು ಸ ಅಂದಾಗೆಲ್ಲ ಕಿವಿಗೆ ಸೂಜಿ ಚುಚ್ಚಿದಂಗಾಗುತ್ತೆ, ನಾಳೆ ಸರಿ ಮಾಡಿ ತಂದ್ಕೊಡು, ಆಗ್ಲಿಲ್ವಾ, ಆ ಕುರ್ಚಿಗೆ ಬೇರೆಯವರನ್ನ ನೋಡ್ಕೋತೀನಿ ಅಂದಿದ್ದಾರೆ, ಮೆಷಿನ್ನು ಸೀಟಿ ಹೊಡೀತಿದ್ರೆ ನಾನೇನ್ ಮಣ್ಣು ಕೇಳಿಸ್ಕೊಳ್ಲಿ, ನಿನ್ನದ್ರಲ್ಲೇ ಮನೇಲಿ ಕೂತು ಮಾಡ್ತೀನಿ ಅಂತ ಅಕ್ಕ ರಜೆ ಹಾಕಿದ್ದಾಳೆ, ಕಿಟಕಿಯ ಬಿಸಿಲು ಅವಳ ಮಂಡಿಯ ಮೇಲಿದೆ, ಟೀ ಆರಿ ಕೆನೆಗಟ್ಟಿದೆ. ಸರಿ, ಗೋಡೆಯ ಕರೆಂಟೇ ಬೇಡ, ಪ್ಲಗ್ ಕಿತ್ತು ಎಸೆದೆ, ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದೆ, ಬ್ಯಾಟರಿಗೆ ಗುಂಯ್ ಇಲ್ಲ ಸುಯ್ ಇಲ್ಲ, ಅದೊಂದು ಮೂಕ ಪ್ರಾಣಿ, ಈಗ ಹೇಳು ಅಕ್ಕ, ಹೇಳಿದಳು, ಇದೆ ಕಣೋ. ಬ್ಯಾಟರಿಯಲ್ಲಿ ಎಲ್ಲಿಯ ಸೀಟಿ? ಆಗ ಹೊಳೆಯಿತು, ಇವಳು ಕಾಲೆಳೆಯುತ್ತಿದ್ದಾಳೆ, ಇಷ್ಟು ದಿನವೂ ನನ್ನನ್ನು ಮಂಗ ಮಾಡಿದ್ದಾಳೆ, ಸಿಟ್ಟು ಬರುವುದರ ಬದಲು ಖುಷಿಯೇ ಆಯಿತು, ಇರು ಹಿಡಿಯುತ್ತೇನೆ, ಅಕ್ಕಾ ಕಣ್ಮುಚ್ಕೋ, ಇನ್ನೊಂದು ತಂತಿ ಬದಲಾಯಿಸ್ತೀನಿ, ಹೆಂಗಿದೆ ಹೇಳು ಅಂದೆ, ಮುಚ್ಚಿಕೊಂಡಳು, ನಾನು ಮೆಲ್ಲಗೆ, ಕಳ್ಳನ ಹಾಗೆ, ಹೆಡ್‌ಫೋನಿನ ಪಿನ್ನನ್ನೇ ಪೆಟ್ಟಿಗೆಯಿಂದ ಹೊರಗೆಳೆದೆ, ನಗು ಗಂಟಲವರೆಗೆ ಬಂದು ಕೂತಿದೆ. ಅಕ್ಕ ತೋರುಬೆರಳು ಎತ್ತಿದಳು. ಹಾಂ, ಇದೆ, ಅಂದಳು. ಏನ್ ಮಾಡ್ದೆ ಈಗ, ಒಂಚೂರು ಕಮ್ಮಿ ಆದಂಗಿದೆ. ಬೆರಳು ಗಾಳಿಯಲ್ಲಿ ಆ ದಾರದ ಜಾಡು ಹಿಡಿದು ಮೆಲ್ಲಗೆ ಸರಿಯುತ್ತಿದೆ, ಪಿನ್ನು ನನ್ನ ಅಂಗೈಯಲ್ಲಿದೆ.

ನಗು ಅಲ್ಲೇ ನಿಂತುಹೋಯಿತು, ಯಾವುದಕ್ಕೂ ಸಿಕ್ಕಿಕೊಳ್ಳದ ತಂತಿ ಅವಳ ಕಿವಿಯಿಂದ ನನ್ನ ಕೈಯವರೆಗೆ ಜೋತು ಬಿದ್ದಿದೆ, ಸೀಟಿ ಅದರಾಚೆ ಇಲ್ಲ, ಈಚೆ ಇದೆ, ಅವಳ ಕಿವಿಯೊಳಗೇ ಇದೆ, ಸ್ಟುಡಿಯೋದ ಎಲ್ಲ ಮೆಷಿನ್ನಿನಲ್ಲೂ ಒಂದೇ ಸೀಟಿ, ಒಂದೇ, ಅದಕ್ಕೇ ಒಂದೇ, ಅದರಡಿ ಹೂತುಹೋದ ಹಾಡಿನ ಸ ಸ ಸ ಅವಳಿಗೆ ಕೇಳಿಸಿಲ್ಲ, ಕೇಳಿಸಲಿ ಎಂದು ಏರಿಸಿದ್ದಾಳೆ, ಮತ್ತೂ ಏರಿಸಿದ್ದಾಳೆ, ಉಳಿದವರಿಗೆಲ್ಲ ಸೂಜಿಯಾಗುವವರೆಗೆ ಏರಿಸಿದ್ದಾಳೆ, ಗೋಡೆಯ ಕರೆಂಟನ್ನು ಸೋಸಬಲ್ಲೆ, ಇಲ್ಲಿ ಎಲ್ಲಿ ಕೂರಿಸಲಿ ಕೆಪಾಸಿಟರನ್ನು, ಯಾವ ಮೂಳೆಗೆ ಬೆಸುಗೆ ಹಾಕಲಿ, ವರ್ಷಗಟ್ಟಲೆ ಜೋರು ಸದ್ದಿಗೆ ಆ ಕಿವಿ ಒಡ್ಡಿ ನನ್ನನ್ನು ಓದಿಸಿದ್ದಾಳೆ, ಈ ಬೆಸುಗೆ ಕಡ್ಡಿ ಕೊಡಿಸಿದ್ದಾಳೆ, ಬೆರಳು ಇನ್ನೂ ಮೇಲೇ ಇದೆ. ಹೇಳಿದರೆ ಇವತ್ತೇ ಆ ಕುರ್ಚಿ ಹೋಯಿತು, ಹೇಳದಿದ್ದರೆ ಸಂಜೆಯೊಳಗೆ ಅವೇ ಸೂಜಿಗಳನ್ನು ಮತ್ತೆ ಹಾಡಿಗೆ ಚುಚ್ಚಿ ನಾಳೆ ತಾನೇ ಕೈಯಾರೆ ಒಯ್ದು ಕೊಡುತ್ತಾಳೆ, ನಾನು ಪಕ್ಕದಲ್ಲಿ ಕೂತು ಕಡಿಮೆ ಮಾಡು ಅನ್ನಲೇ, ಅಕ್ಕನ ಕಿವಿಗೆ ನಾನು ಹೇಳಿಕೊಡುವುದೇ? ಲೋ, ಯಾಕೋ ಸುಮ್ನಾದೆ, ಅನ್ನುತ್ತಾಳೆ ಅಕ್ಕ, ಕಣ್ಣು ತೆರೆದಿಲ್ಲ, ದನಿ ಮಾತ್ರ ಸಣ್ಣದಾಗಿದೆ, ನಿಜ ಹೇಳು ಪುಟ್ಟಾ, ನಿಂಗೂ ಕೇಳುತ್ತೆ ತಾನೇ? ಹೂಂ ಅಕ್ಕಾ, ಕೇಳುತ್ತೆ, ಅಂದುಬಿಟ್ಟೆ. ಅಂದುಬಿಟ್ಟೆ, ಅವಳ ಭುಜ ಇಳಿಯಿತು, ಹಣೆಯ ಗೆರೆ ಬಿಚ್ಚಿತು, ಅಬ್ಬಾ, ಸದ್ಯ, ನಂಗೊಬ್ಳಿಗೇ ಏನೋ ಅಂತ ಜೀವ ಕೈಲಿ ಹಿಡ್ಕೊಂಡಿದ್ದೆ ಕಣೋ ಅಂದು ನಕ್ಕಳು, ಇರ್ಲಿ ಬಿಡು, ಆಮೇಲೆ ಸರಿ ಮಾಡ್ಕೊಡುವಂತೆ, ಮೊದಲನೇ ಹಾಡು ಹಾಕು, ಶುರು ಮಾಡೋಣ, ಪಿನ್ನು ಬೆವರಿಗೆ ಜಾರುತ್ತಿದೆ, ಅವಳ ಕಣ್ಣು ಮುಚ್ಚೇ ಇದೆ, ಬೆರಳು, ನೆಟ್ಟಗೆ, ಖಾಲಿ ಗಾಳಿಯಲ್ಲಿ, ಅಲ್ಲಿ ಕೇಳು ಅನ್ನುವ ಹಾಗೆ, ಬೆರಳು — ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?